ಚೀಲದ ಅಣಬೆ, ಬೆಟ್ಟದ ಅಣಬೆ

ಮುಂಗಾರು ನಾಲ್ಕು ದಿನ ಬಿಡದೆ ಸುರಿದು ಒಮ್ಮೆ ಹೊಳವಾಯಿತೆಂದರೆ, ಭಟ್ಕಳ, ಹೊನ್ನಾವರ, ಕುಮಟಾದ ಹೆದ್ದಾರಿ ಬದಿಯಲ್ಲಿ ಅಣಬೆ ಹರವಿಕೊಂಡು ಕೂತವರು ಕಾಣಿಸುತ್ತಾರೆ. ಬುಡಕ್ಕೆ ಕೆಂಪು ಮಣ್ಣು ಮೆತ್ತಿದ, ಎಲೆಯ ಮೇಲೆ ಗುಡ್ಡೆ ಹಾಕಿದ ಬೆಟ್ಟದ ಅಣಬೆ ಅದು. ಅದೇ ಪೇಟೆಯ ಅಂಗಡಿಯ ಫ್ರಿಜ್ಜಿನಲ್ಲಿ ಡಬ್ಬಿಯ ಗುಂಡಿ ಅಣಬೆ ಇರುತ್ತದೆ. ಪಕ್ಕದ ಹಳ್ಳಿಯ ಸ್ವಸಹಾಯ ಸಂಘದವರು ಬೆಳೆದ ಚಿಪ್ಪಣಬೆಯೂ ಪ್ಯಾಕೆಟ್ಟಿನಲ್ಲಿ ಬಂದಿರಬಹುದು. ಮೂರೂ ಒಂದೇ ಅಡುಗೆಮನೆಗೆ ಹೋಗುತ್ತವೆ, ಒಂದೇ ಮಸಾಲೆಯಲ್ಲಿ ಸುಕ್ಕವಾಗುತ್ತವೆ. ಹೀಗಾಗಿ ಮೂರನ್ನೂ ಒಂದೇ ಕಣ್ಣಿನಿಂದ ನೋಡಿ ‘ಇದು ತಿನ್ನುವಂಥದ್ದು, ಇದು ಅಲ್ಲ’ ಎಂದು ಹೇಳಬಹುದು ಅಂತ ನಾವು ಅಂದುಕೊಂಡುಬಿಡುತ್ತೇವೆ. ಎಡವುವುದು ಅಲ್ಲಿಯೇ.

ಹೆಣ್ಣು ಕೊಡುವಾಗ ಹುಡುಗನ ಮುಖ ನೋಡಿ ಮುಗಿಸದೆ ಮನೆತನ ವಿಚಾರಿಸುತ್ತಾರಲ್ಲ, ಅಣಬೆಗೂ ಅದೇ ಕ್ರಮ. ಮುಖಚಹರೆ ಬೇಡವೆಂದಲ್ಲ, ಬೇಕು. ಆದರೆ ಅದು ಎರಡನೆಯ ಪರೀಕ್ಷೆ. ಯಾವ ಬೀಜ, ಯಾವ ಚೀಲ, ಯಾರ ಕೈ ಎಂಬುದು ಮೊದಲನೆಯದು. ಬೆಳೆದ ಅಣಬೆ ಸುರಕ್ಷಿತವಾಗಿರುವುದು ಅದರ ಹುಟ್ಟು ನಮಗೆ ಗೊತ್ತಿರುವುದರಿಂದ. ನೋಡಲು ಬೆಳ್ಳಗೆ, ಮುದ್ದಾಗಿ ಇರುವುದರಿಂದಲ್ಲ. ಈ ಅಧ್ಯಾಯ ಉದ್ದಕ್ಕೂ ಹೇಳುವುದು ಇಷ್ಟನ್ನೇ.

ಹುತ್ತವೇ ಗುರುತು

ಹಳೆಯ ತಲೆಗಳು ಬೆಟ್ಟದ ಅಣಬೆ ತಿಂದು ಬದುಕಿದ್ದಾರೆ ಎಂಬ ಮಾತು ಸುಳ್ಳಲ್ಲ. ಆದರೆ ಅವರು ಗುರುತಿಸಿದ್ದು ಹೇಗೆ ಎಂದು ನೋಡಬೇಕು. ಕರಾವಳಿಯ ಜನ ಅತಿ ಹೆಚ್ಚು ಇಷ್ಟಪಡುವುದು ಹುತ್ತದ ಅಣಬೆ. ವಿಜ್ಞಾನದಲ್ಲಿ ಇದರ ಕುಲದ ಹೆಸರು ಟರ್ಮಿಟೊಮೈಸಿಸ್. ಗೆದ್ದಲು ಹುಳುಗಳು ನೆಲದಡಿಯ ಗೂಡಿನಲ್ಲಿ ಕಸಕಡ್ಡಿ ಅಗಿದು ಕಟ್ಟಿದ ರೊಟ್ಟಿನ ಮೇಲೆ ಈ ಶಿಲೀಂಧ್ರವನ್ನು ತಾವೇ ಸಾಕುತ್ತವೆ. ಸುಮಾರು 3 ಕೋಟಿ ವರ್ಷಗಳಿಂದ ನಡೆದುಬಂದ ಬೇಸಾಯ ಅದು. ಮಳೆ ಬಂದಾಗ ರೊಟ್ಟಿನಿಂದ ಬೇರಿನಂಥ ಉದ್ದನೆಯ ಬಾಲವೊಂದು ಮಣ್ಣು ಸೀಳಿಕೊಂಡು ಮೇಲೆ ಬಂದು ಕೊಡೆ ಬಿಚ್ಚುತ್ತದೆ. ಬಲ್ಲವರು ಕೊಡೆಯನ್ನಷ್ಟೇ ನೋಡುವುದಿಲ್ಲ. ಕಳೆದ ವರ್ಷ ಎದ್ದ ಜಾಗ, ಹುತ್ತ, ಎದ್ದ ವಾರ, ಕಿತ್ತಾಗ ಕೈಗೆ ಬರುವ ಬಾಲ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತಾರೆ. ಅಂದರೆ ಅವರದೂ ಮನೆತನದ ವಿಚಾರಣೆಯೇ. ಆ ಜ್ಞಾನ ಆ ಜಾಗಕ್ಕೆ, ಆ ಜಾತಿಗೆ ಕಟ್ಟುಬಿದ್ದದ್ದು. ಕುಮಟಾದ ಸೊಪ್ಪಿನ ಬೆಟ್ಟ ಬಲ್ಲವರು ಬೇರೆ ಸೀಮೆಯ ಕಾಡಿಗೆ ಹೋಗಿ ಅದೇ ಧೈರ್ಯದಲ್ಲಿ ಕೀಳುವಂತಿಲ್ಲ.

ಹುತ್ತದ ಅಣಬೆಯನ್ನು ಗೆದ್ದಲಿನ ನೆರವಿಲ್ಲದೆ ಮಾರುಕಟ್ಟೆಗೆ ಬೇಕಾದಷ್ಟು ಬೆಳೆಯುವುದು ಮನುಷ್ಯರಿಗೆ ಇನ್ನೂ ಒಲಿದಿಲ್ಲ. ‘ಫಾರ್ಮಿನಲ್ಲಿ ಬೆಳೆದ ಹುತ್ತದ ಅಣಬೆ’ ಎಂದು ಯಾರಾದರೂ ಕೊಡಬಂದರೆ ಅನುಮಾನಿಸಬೇಕು.

ಬೆಳ್ಳಿ ಚಮಚದ ಮಾತು

ಜಾಗದ ಜ್ಞಾನ ಕೈತಪ್ಪಿದ ಕಡೆ ಅಡ್ಡದಾರಿಗಳು ಹುಟ್ಟುತ್ತವೆ. ಅಣಬೆ ಬೇಯುವ ಪಾತ್ರೆಗೆ ಬೆಳ್ಳಿ ಹಾಕಿದರೆ ವಿಷವಿದ್ದಾಗ ಕಪ್ಪಾಗುತ್ತದೆ ಅನ್ನುತ್ತಾರೆ. ಬೆಳ್ಳಿ ಕಪ್ಪಾಗುವುದು ಗಂಧಕದ ಸಂಯುಕ್ತಗಳಿಗೆ. ಕೊಲ್ಲುವ ಅಣಬೆವಿಷಕ್ಕೆ ಅದು ಜಗ್ಗುವುದೇ ಇಲ್ಲ. ಬೆಳ್ಳುಳ್ಳಿ, ಅರಿಶಿನ, ಅಕ್ಕಿಕಾಳಿನ ಬಣ್ಣ ನೋಡುವ ಪರೀಕ್ಷೆಗಳದೂ ಇದೇ ಪಾಡು. ಹುಳು ತಿಂದ ಅಣಬೆಯನ್ನು ನಾವೂ ತಿನ್ನಬಹುದು ಎಂಬುದು ಇನ್ನೂ ಅಪಾಯದ ಮಾತು. ನಮ್ಮ ಯಕೃತ್ತನ್ನು ಕೆಡಿಸುವ ಅಣಬೆಯನ್ನು ಬಸವನಹುಳು ಯಾವ ತೊಂದರೆಯೂ ಇಲ್ಲದೆ ಮೇಯುತ್ತದೆ. ಬಣ್ಣ ಢಾಳಾಗಿದ್ದರೆ ವಿಷ, ಬೆಳ್ಳಗಿದ್ದರೆ ಸಾಧು ಎಂಬುದು ಪೂರಾ ತಲೆಕೆಳಗು. ಪ್ರಪಂಚದ ಅತಿ ಮಾರಕ ಅಣಬೆಗಳಲ್ಲಿ ಕೆಲವು ಹಾಲಿನಂತೆ ಬಿಳಿ.

ಅಮಾನಿಟಾ ಕುಲದ ಮಾರಕ ಜಾತಿಗಳಲ್ಲಿ ಇರುವ ವಿಷಕ್ಕೆ ಅಮಾಟಾಕ್ಸಿನ್ ಎಂದು ಹೆಸರು. ದೇಹತೂಕದ ಪ್ರತಿ ಕಿಲೋಗೆ ಸುಮಾರು 0.1 ಮಿ.ಗ್ರಾಂ ಸಾಕು ಜೀವ ತೆಗೆಯಲು. ದೊಡ್ಡ ಅಣಬೆಯೊಂದರಲ್ಲೇ ಅಷ್ಟು ಇರಬಹುದು. ನಮ್ಮ ಜೀವಕೋಶ ವಂಶವಾಹಿಯ ಆದೇಶವನ್ನು ನಕಲು ಮಾಡಿಕೊಂಡು ಪ್ರೋಟೀನು ತಯಾರಿಸುತ್ತದಷ್ಟೆ. ಆ ನಕಲು ತೆಗೆಯುವ ಕಿಣ್ವವನ್ನೇ ಅಮಾಟಾಕ್ಸಿನ್ ಹಿಡಿದು ನಿಲ್ಲಿಸುತ್ತದೆ. ಬಿಡುವಿಲ್ಲದೆ ಪ್ರೋಟೀನು ತಯಾರಿಸುವ ಯಕೃತ್ತು ಮೊದಲು ಕುಸಿಯುತ್ತದೆ. ಕುದಿಸಿದರೂ, ಹುರಿದರೂ, ಒಣಗಿಸಿದರೂ, ಫ್ರಿಜ್ಜಿನಲ್ಲಿಟ್ಟರೂ ಈ ವಿಷ ನಾಶವಾಗುವುದಿಲ್ಲ. ನೀರು ಬಸಿದು ಚೆಲ್ಲಿದರೂ ನಂಬುವಂತಿಲ್ಲ.

ಮೈಸೂರಿನಲ್ಲಿ ಹುಟ್ಟಿದ ಬೇಸಾಯ

ಇನ್ನು ಚೀಲದ ಅಣಬೆಗೆ ಬರೋಣ. ಭತ್ತದ ಹುಲ್ಲಿನಲ್ಲಿ ಚಿಪ್ಪಣಬೆ ಬೆಳೆಯುವ ಭಾರತದ ಕಥೆ ಶುರುವಾಗುವುದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಝಕಿಯಾ ಬಾನೊ ಮತ್ತು ಎಚ್.ಸಿ. ಶ್ರೀವಾಸ್ತವ 1962ರಲ್ಲಿ ಪ್ಲೂರೋಟಸ್ ಕುಲದ ಅಣಬೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆದು ತೋರಿಸಿದರು. ಚೀಲದ ಇನ್ನೊಂದು ಬೆಳೆಯಾದ ಹಾಲಣಬೆಯನ್ನು 1974ರಲ್ಲಿ ಪಶ್ಚಿಮ ಬಂಗಾಳದಿಂದ ವರ್ಣಿಸಿದವರು ಪುರಕಾಯಸ್ಥ ಮತ್ತು ಚಂದ್ರ. ಅದನ್ನು ರೈತರ ಬೆಳೆಯಾಗಿಸಿದ್ದು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ. ಇವೆರಡೂ ಬೆಚ್ಚನೆಯ, ತೇವದ ಹವೆ ಬೇಡುವವು. ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಸುರಿಯುವ, ಚಳಿಗಾಲದಲ್ಲೂ ಸೆಕೆ ಬಿಡದ ಈ ಮೂರು ತಾಲೂಕುಗಳಿಗೆ ಹೇಳಿ ಮಾಡಿಸಿದ ಬೆಳೆಗಳು. ಮಳೆಗಾಲಕ್ಕೆ ಚಿಪ್ಪಣಬೆ, ಬೇಸಿಗೆಗೆ ಹಾಲಣಬೆ. ಗುಂಡಿ ಅಣಬೆ ಮೊಗ್ಗು ಬಿಡಲು 15ರಿಂದ 18 ಡಿಗ್ರಿಯ ತಂಪು ಬೇಕು. ಕರಾವಳಿಯಲ್ಲಿ ಅದು ಏಸಿ ಕೋಣೆಯಿಂದಲೋ ಘಟ್ಟದ ಮೇಲಿನಿಂದಲೋ ಬರಬೇಕಷ್ಟೆ.

ಬೇಸಾಯದ ಕ್ರಮ ಸರಳ. ಒಣ ಭತ್ತದ ಹುಲ್ಲನ್ನು ಎರಡು ಮೂರು ಅಂಗುಲಕ್ಕೆ ಕತ್ತರಿಸಿ, ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಸುಮಾರು 80 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು ಬಸಿಯುತ್ತಾರೆ. ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ಬೀಳಬಾರದು. ಜೋಳದ ಕಾಳಿನ ಮೇಲೆ ಬಿಳಿ ಎಳೆ ಹಬ್ಬಿಸಿದ ಅಣಬೆ ಬೀಜವನ್ನು ಹುಲ್ಲಿನ ಪದರಗಳ ನಡುವೆ ಉದುರಿಸಿ ಪ್ಲಾಸ್ಟಿಕ್ ಚೀಲ ಕಟ್ಟಿ, ತೂತು ಹಾಕಿ, ಕತ್ತಲೆ ಕೋಣೆಯಲ್ಲಿ ತೂಗಿಬಿಡುತ್ತಾರೆ. ಮೂರು ವಾರದ ಆಸುಪಾಸಿಗೆ ಚೀಲ ಪೂರ್ತಿ ಬೆಳ್ಳಗಾಗಿ, ತೂತುಗಳಲ್ಲಿ ಮೊಗ್ಗು ಮೂಡುತ್ತದೆ. ಒಂದು ಕಿಲೋ ಒಣಹುಲ್ಲಿಗೆ ಅರ್ಧ ಕಿಲೋಗಿಂತ ಮೇಲೆಯೇ ಹಸಿ ಅಣಬೆ ಕೈಗೆ ಸಿಗುತ್ತದೆ.

ಈ ಸರಣಿಯಲ್ಲಿ ಗುರುತಿಸುವ ಕೆಲಸ ಆಗಿಹೋಗುವುದು ಬೀಜ ಕೊಳ್ಳುವ ಹೊತ್ತಿಗೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಂಥ ಪ್ರಯೋಗಾಲಯಗಳು ಶುದ್ಧ ತಳಿಯ ಬೀಜ ಕೊಡುತ್ತವೆ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ, ಕೇಳಿ ತಿಳಿಯಬಹುದು. ಬೀಜದ ಪೊಟ್ಟಣದ ಮೇಲೆ ಜಾತಿಯ ಹೆಸರು, ತಯಾರಾದ ತಾರೀಖು ಇರಲೇಬೇಕು. ಒಳಗೆ ಬಿಳಿ ಬಿಟ್ಟು ಹಸಿರು, ಕಪ್ಪು, ಕಿತ್ತಳೆ ಚುಕ್ಕೆ ಕಂಡರೆ, ಹುಳಿನಾತ ಬಂದರೆ ವಾಪಸು ಕೊಡಬೇಕು. ಬೆಟ್ಟದಲ್ಲಿ ಕಂಡ ಅಣಬೆಯ ತುಂಡನ್ನು ತಂದು ಹುಲ್ಲಿಗೆ ಹಾಕಿ ‘ಬೀಜ’ ಮಾಡಿಕೊಂಡರೆ ಅದನ್ನು ಬೆಳೆಸಿದ ಅಣಬೆ ಎನ್ನಲಾಗದು. ಮನೆತನ ಗೊತ್ತಿಲ್ಲದ್ದು ಚೀಲದೊಳಗೆ ಬಂತು, ಅಷ್ಟೇ.

ನಾಲ್ಕರ ಮುಖಚಹರೆ

ಬೀಜದ ಚೀಟಿ ಸರಿಯಿದ್ದ ಮೇಲೆ ರೂಪ ನೋಡುವುದಕ್ಕೆ ಅರ್ಥ ಬರುತ್ತದೆ. ‘ಇದು ಏನು’ ಎಂಬ ಪ್ರಶ್ನೆ ಈಗ ‘ನಾನು ಬಿತ್ತಿದ್ದೇ ಇದು ಹೌದಾ’ ಎಂದು ಬದಲಾಗುತ್ತದೆ. ಈ ಎರಡನೆಯದಕ್ಕೆ ಉತ್ತರ ಹೇಳುವುದು ಸುಲಭ.

ಚಿಪ್ಪಣಬೆ ಗೊಂಚಲಾಗಿ ಬರುತ್ತದೆ. ಕೊಡೆ ಬೀಸಣಿಗೆಯಂತೆ ಒಂದು ಬದಿಗೆ ಚಾಚಿರುತ್ತದೆ. ಕಾಲು ಗಿಡ್ಡ, ನಡುವಿನಲ್ಲಿರದೆ ಅಂಚಿನಲ್ಲಿರುತ್ತದೆ. ಕೊಡೆಯಡಿಯ ಪದರುಗಳು ಕಾಲಿನ ಮೇಲೂ ಇಳಿದುಬರುತ್ತವೆ. ಕಾಲಿಗೆ ಉಂಗುರವಿಲ್ಲ, ಬುಡದಲ್ಲಿ ಬಟ್ಟಲಿಲ್ಲ. ಬಿಳಿ, ಬೂದು, ಗುಲಾಬಿ ಯಾವ ಬಣ್ಣದ ತಳಿಯಾದರೂ ಈ ಲಕ್ಷಣ ಬದಲಾಗದು.

ಹಾಲಣಬೆ ಬುಡದಿಂದ ತಲೆವರೆಗೆ ಬಿಳಿ. ಕಾಲು ದಪ್ಪ, ಗಟ್ಟಿ, ಕೊಡೆಯ ನಡುವಿಗೆ ಸೇರಿರುತ್ತದೆ. ಕೊಯ್ದರೂ ಒಳಮಾಂಸ ಬಿಳಿಯಾಗಿಯೇ ಉಳಿಯುತ್ತದೆ. ಇದಕ್ಕೂ ಉಂಗುರವಿಲ್ಲ, ಬುಡದ ಬಟ್ಟಲಿಲ್ಲ.

ಗುಂಡಿ ಅಣಬೆಯ ಕೊಡೆ ಬಿಚ್ಚಿ ಅಡಿ ನೋಡಿದರೆ ಪದರು ಮೊದಲು ನಸುಗುಲಾಬಿ, ಬಲಿತಂತೆ ಚಾಕಲೇಟು ಬಣ್ಣ. ಕಾಲಿಗೆ ಉಂಗುರವಿರುತ್ತದೆ, ಬುಡಕ್ಕೆ ಬಟ್ಟಲಿರುವುದಿಲ್ಲ. ಪೂರ್ತಿ ಬಿಚ್ಚಿಯೂ ಪದರು ಬೆಳ್ಳಗೇ ಇದ್ದರೆ ಅದು ಗುಂಡಿ ಅಣಬೆಯಲ್ಲ.

ಭತ್ತದ ಹುಲ್ಲಣಬೆಯೇ ನಾಲ್ಕರಲ್ಲಿ ತೊಡಕಿನದು. ಅದನ್ನು ಮೊಟ್ಟೆಯ ಹಂತದಲ್ಲೇ ಕೊಯ್ಯುತ್ತಾರೆ, ಬುಡದಲ್ಲಿ ಬಟ್ಟಲು ಇದ್ದೇ ಇರುತ್ತದೆ. ಅಮಾನಿಟಾ ಕೂಡ ಎಳೆಯದರಲ್ಲಿ ಮೊಟ್ಟೆ, ಬಲಿತಾಗ ಬುಡದಲ್ಲಿ ಬಟ್ಟಲು. 2011ರ ಡಿಸೆಂಬರ್ 31ರ ರಾತ್ರಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಡೆತ್ ಕ್ಯಾಪ್ ಅಮಾನಿಟಾವನ್ನು ಏಷ್ಯಾದ ಹುಲ್ಲಣಬೆಯೆಂದು ಬಗೆದು ಬೇಯಿಸಿ ತಿಂದು ಇಬ್ಬರು ಸತ್ತರು. ಅವರಲ್ಲಿ ಒಬ್ಬರು ಅಡುಗೆಯನ್ನೇ ವೃತ್ತಿ ಮಾಡಿಕೊಂಡವರು. ಹುಟ್ಟೂರಿನಲ್ಲಿ ಸರಿಯಾಗಿದ್ದ ಕಣ್ಣಂದಾಜು ಇನ್ನೊಂದು ನೆಲದಲ್ಲಿ ಕೈಕೊಟ್ಟಿತು. ಹುಲ್ಲಣಬೆ ಬೆಳೆಯುವವರು ಅದನ್ನು ತಾವು ಕಟ್ಟಿದ ಹುಲ್ಲಿನ ಹಾಸಿನಿಂದ ಮಾತ್ರ ಕೊಯ್ಯಬೇಕು, ಪಕ್ಕದ ನೆಲದಿಂದ ಒಂದನ್ನೂ ಸೇರಿಸಬಾರದು.

ಕಾಗದದ ಮೇಲೆ ಬೀಳುವ ಪುಡಿ

ಕಣ್ಣಿಗೆ ಕಾಣದ್ದನ್ನು ಕಾಣಿಸುವ ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಬಲಿತ ಕೊಡೆಯೊಂದರ ಕಾಲು ಕತ್ತರಿಸಿ, ಪದರು ಕೆಳಮುಖ ಮಾಡಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲಿಟ್ಟು ಲೋಟವೊಂದನ್ನು ಮಗುಚಿಡಿ. ಬೆಳಗಾಗುವಷ್ಟರಲ್ಲಿ ಪದರುಗಳ ಗೆರೆಗೆರೆಯೂ ಕಾಗದಕ್ಕೆ ಇಳಿದಿರುತ್ತದೆ. ಕೋಟ್ಯಂತರ ಬೀಜಾಣುಗಳ ಪುಡಿ ಅದು. ಚಿಪ್ಪಣಬೆಯದು ಬಿಳಿ, ಇಲ್ಲವೇ ನಸು ನೇರಳೆ ಛಾಯೆಯದು, ಹಾಲಣಬೆಯದು ಬಿಳಿ, ಗುಂಡಿ ಅಣಬೆಯದು ಗಾಢ ಕಂದು, ಹುಲ್ಲಣಬೆಯದು ಗುಲಾಬಿ.

ಮಳೆ ಶುರುವಾದಾಗ ಹುಲ್ಲುಹಾಸಿನಲ್ಲಿ, ಶಾಲೆಯ ಮೈದಾನದಂಥ ಕಡೆ ತಟ್ಟೆಯಗಲದ ಬಿಳಿ ಕೊಡೆಗಳು ಏಳುತ್ತವೆ. ಮೇಲೆ ಕಂದು ಹೊಪ್ಪಳೆ, ಕಾಲಿಗೆ ಸರಿದಾಡುವ ಉಂಗುರ. ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ಎಂಬ ಇದರ ಪುಡಿ ಹಸಿರು. ಎಳೆಯದರಲ್ಲಿ ಪದರು ಬಿಳಿಯೇ, ಬಲಿತಾಗಷ್ಟೇ ಹಸಿರಿಗೆ ತಿರುಗುತ್ತದೆ. ನೋಡಲು ರಸಭರಿತ, ತಿಂದರೆ ಒಂದೆರಡು ಗಂಟೆಯಲ್ಲೇ ವಾಂತಿ, ಭೇದಿ ಹಿಡಿದು ಹೈರಾಣಾಗಿಸುತ್ತದೆ. ಉಷ್ಣವಲಯದಲ್ಲಿ ಅಣಬೆ ತಿಂದು ಹೊಟ್ಟೆ ಕೆಡಿಸಿಕೊಳ್ಳುವವರಲ್ಲಿ ಬಹಳಷ್ಟು ಮಂದಿಗೆ ಇದೇ ಕಾರಣ.

ಆದರೆ ಪುಡಿಯ ಪರೀಕ್ಷೆಗೆ ಒಂದು ಮಿತಿಯಿದೆ. ಅಮಾನಿಟಾದ ಪುಡಿಯೂ ಬಿಳಿ, ಹಾಲಣಬೆಯದೂ ಬಿಳಿ. ಹಾಲಣಬೆ ಎಂದು ತಂದದ್ದರಿಂದ ಹಸಿರೋ ಕಂದೋ ಪುಡಿ ಬಿದ್ದರೆ ಕಣ್ಣು ಮುಚ್ಚಿ ಎಸೆಯಬಹುದು. ಬಿಳಿ ಬಿದ್ದಿತೆಂದು ಕಣ್ಣು ಮುಚ್ಚಿ ತಿನ್ನುವಂತಿಲ್ಲ. ಹೊರದೂಡಲು ಮಾತ್ರ ಈ ಪರೀಕ್ಷೆ; ಒಳಗೆ ಬಿಟ್ಟುಕೊಳ್ಳಲು ಬೀಜದ ಚೀಟಿಯೇ ಬೇಕು.

ಚೀಲದೊಳಗಿನ ಅತಿಥಿಗಳು

ಶುದ್ಧ ಬೀಜ ಹಾಕಿದರೂ ಚೀಲದಲ್ಲಿ ಬೇರೇನೂ ಏಳದೆಂಬ ಭರವಸೆಯಿಲ್ಲ. ಇಲ್ಲಿ ಜೀವಶಾಸ್ತ್ರ ನಮ್ಮ ಪರ ಸ್ವಲ್ಪ ನಿಂತಿದೆ. ಮಾರಕ ಅಮಾನಿಟಾಗಳು ಜೀವಂತ ಮರದ ಬೇರಿನ ಜೊತೆ ಕೊಡುಕೊಳ್ಳುವಿಕೆ ಇಟ್ಟುಕೊಂಡವು. ಬೇರಿನಿಂದ ಸಕ್ಕರೆ ಪಡೆದು, ಬದಲಿಗೆ ಮರಕ್ಕೆ ನೀರು, ಲವಣ ಒದಗಿಸುತ್ತವೆ. ಬೇರಿಲ್ಲದೆ ಬೆಂದ ಹುಲ್ಲಿನ ಚೀಲದಲ್ಲಿ ಅವು ಕೊಡೆ ಎತ್ತಲಾರವು. ಆದರೆ ಅಮಾಟಾಕ್ಸಿನ್ ಅಮಾನಿಟಾದ ಸ್ವಂತ ಸೊತ್ತಲ್ಲ. ಕೊಳೆತ ಎಲೆ, ಮಣ್ಣಿನಲ್ಲಿ ಬೆಳೆಯುವ ಕೆಲವು ಪುಟ್ಟ ಲೆಪಿಯೋಟಾಗಳಲ್ಲೂ ಅದಿದೆ. ಹಾಲಣಬೆ ಚೀಲದ ಮೇಲೆ ಮಣ್ಣಿನ ಹೊದಿಕೆ ಹಾಕುತ್ತಾರೆ. ಆ ಮಣ್ಣನ್ನು ಹಬೆಯಲ್ಲಿ ಬೇಯಿಸಿಯೇ ಹಾಕಬೇಕೆನ್ನುವುದಕ್ಕೆ ಇಳುವರಿಯಷ್ಟೇ ಕಾರಣವಲ್ಲ.

ಚಿಪ್ಪಣಬೆ ಚೀಲದಲ್ಲಿ ಪದೇ ಪದೇ ಕಾಣುವ ಕಳೆ ಅಣಬೆ ಎಂದರೆ ಶಾಯಿ ಅಣಬೆ. ಹುಲ್ಲು ಸರಿಯಾಗಿ ಬೇಯದಿದ್ದರೆ, ನೀರು ಹೆಚ್ಚಾದರೆ, ನಮ್ಮ ಬೆಳೆ ಮೊಗ್ಗು ಬಿಡುವ ಮೊದಲೇ ಇದು ಹೊರಬರುತ್ತದೆ. ಕಡ್ಡಿಯಂಥ ಸಪೂರ ಕಾಲು, ಗಂಟೆಯಾಕಾರದ ಬೂದು ಟೊಪ್ಪಿ. ಬೆಳಿಗ್ಗೆ ನೆಟ್ಟಗೆ ನಿಂತಿದ್ದದ್ದು ಸಂಜೆಯೊಳಗೆ ಅಂಚಿನಿಂದ ಕರಗಿ ಕಪ್ಪು ದ್ರವವಾಗಿ ತೊಟ್ಟಿಕ್ಕುತ್ತದೆ. ಹೊಸದಾಗಿ ಬೆಳೆಯುವವರು ‘ಫಸಲು ಬೇಗ ಬಂತು’ ಎಂದು ಹಿಗ್ಗುವುದು ಇದನ್ನು ಕಂಡೇ. ಗೊಂಚಲಿಲ್ಲ, ಬೀಸಣಿಗೆಯಿಲ್ಲ, ಕಾಲು ನಡುವಿನಲ್ಲಿದೆ ಎಂದು ನೋಡಿದ ಕೂಡಲೇ ಬಿತ್ತಿದ್ದು ಇದಲ್ಲ ಎಂದು ತಿಳಿಯುತ್ತದೆ. ಕಿತ್ತು ಎಸೆಯಬೇಕು. ಹಸಿರು ಬೂಷ್ಟು, ಅಂದರೆ ಟ್ರೈಕೋಡರ್ಮಾ ಹಬ್ಬಿದ ಚೀಲವನ್ನು ಕೋಣೆಯಿಂದಲೇ ಹೊರಗೆ ಸಾಗಿಸಬೇಕು.

ಬೆಳೆಗಾರರು ಸಾಮಾನ್ಯವಾಗಿ ಮರೆಯುವುದು ಕೊನೆಯ ಹಂತವನ್ನು. ಎರಡು ಮೂರು ಕೊಯ್ಲು ಮುಗಿದ ಹುಲ್ಲನ್ನು ತೆಂಗು, ಅಡಿಕೆ ಮರದ ಬುಡಕ್ಕೆ ಹಾಕುತ್ತಾರೆ, ಗೊಬ್ಬರಕ್ಕೆ ಒಳ್ಳೆಯದೇ. ಮಳೆ ಬಿದ್ದಾಗ ಆ ರಾಶಿಯ ಮೇಲೆ ಅಣಬೆ ಏಳುತ್ತದೆ. ‘ನಮ್ಮ ಚೀಲದ್ದೇ ಅಲ್ಲವಾ’ ಎಂದು ಕೊಯ್ದು ತರುವುದು ಆಗಲೇ. ಅದು ಹಳೆಯ ಚಿಪ್ಪಣಬೆಯೇ ಇರಬಹುದು. ಆದರೆ ಹುಲ್ಲು ನೆಲ ಮುಟ್ಟಿದ ಗಳಿಗೆಯಿಂದ ಅಲ್ಲಿ ತೋಟದ ಎಲ್ಲ ಶಿಲೀಂಧ್ರಗಳಿಗೂ ಪಾಲಿದೆ. ಚೀಟಿಯ ಭರವಸೆ ಚೀಲದ ಜೊತೆಗೇ ಮುಗಿಯಿತು. ಮರದ ದಿಮ್ಮಿಯ ಮೇಲೆ ತಾನಾಗಿ ಬಂದ ಚಿಪ್ಪಿನಾಕಾರದ ಅಣಬೆಗೂ ಇದೇ ಮಾತು. ಜಪಾನಿನಲ್ಲಿ ಕಾಲಾನುಕಾಲದಿಂದ ತಿನ್ನುತ್ತಿದ್ದ, ಚಿಪ್ಪಣಬೆಯನ್ನೇ ಹೋಲುವ ಬಿಳಿ ಅಣಬೆಯೊಂದು 2004ರ ಶರತ್ಕಾಲದಲ್ಲಿ 59 ಮಂದಿಯನ್ನು ಕಾಯಿಲೆ ಬೀಳಿಸಿ 17 ಮಂದಿಯ ಪ್ರಾಣ ತೆಗೆಯಿತು. ಹೆಚ್ಚಿನವರು ಮೊದಲೇ ಮೂತ್ರಪಿಂಡದ ತೊಂದರೆಯಿದ್ದವರು.

ಪ್ಯಾಕೆಟ್ಟಿನಿಂದ ಪಾತ್ರೆಗೆ

ಬೆಳೆಯದೆ ಕೊಳ್ಳುವವರು ಏನು ನೋಡಬೇಕು? ಬುಡ ಕತ್ತರಿಸಿದ ಬಿಳಿ ಅಣಬೆಯನ್ನು ರೂಪದಿಂದ ಗುರುತಿಸುವುದು ಆಗದ ಕೆಲಸ. ಅಮಾನಿಟಾವನ್ನು ಹಿಡಿದುಕೊಡುವ ಬಟ್ಟಲು ಮಣ್ಣಿನಲ್ಲೇ ಉಳಿದುಹೋಗಿರುತ್ತದೆ. ಪ್ಯಾಕೆಟ್ಟಿನ ಮೇಲೆ ಅಣಬೆಯ ಜಾತಿ, ಕೊಯ್ದ ತಾರೀಖು, ಬೆಳೆದವರ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ನೋಡಿ. ಬಿಡಿಯಾಗಿ ಕೊಳ್ಳುವುದಾದರೆ ಗೊಂಚಲು ಬಿಡಿಸದ ಚಿಪ್ಪಣಬೆಯನ್ನೇ, ಬೆಳೆದವರ ಕೈಯಿಂದಲೇ ಕೊಳ್ಳಿ. ಬೆಟ್ಟದ್ದನ್ನೂ ಚೀಲದ್ದನ್ನೂ ಒಂದೇ ಬುಟ್ಟಿಯಲ್ಲಿ ಬೆರೆಸಿ ಮಾರುವಲ್ಲಿ ಕೊಳ್ಳಬೇಡಿ. ಪ್ಯಾಕೆಟ್ಟಿಗೆ ಸಣ್ಣ ತೂತುಗಳಿರಬೇಕು. ಕೊಯ್ದ ಮೇಲೂ ಅಣಬೆ ಉಸಿರಾಡುತ್ತದೆ. ಗಾಳಿಯಾಡದ ಪೊಟ್ಟಣದೊಳಗಿನ ಆಮ್ಲಜನಕ ಮುಗಿಸಿ, ಆಮ್ಲಜನಕ ಬೇಡದ ಬಾಟುಲಿಸಮ್ ಬ್ಯಾಕ್ಟೀರಿಯಾಕ್ಕೆ ದಾರಿ ಮಾಡಿಕೊಡುತ್ತದೆ. ಲೋಳೆ, ಹಳದಿ ನೀರು, ಮೀನಿನಂಥ ವಾಸನೆ ಬಂದರೆ ಎಸೆಯುವುದು ಲೇಸು. ಮನೆಗೆ ತಂದದ್ದನ್ನು ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ಹಸಿಯಾಗಿ ತಿನ್ನಬೇಡಿ; ಚಿಪ್ಪಣಬೆಯ ಕೆಲವು ಪ್ರೋಟೀನುಗಳು ಬೆಂದ ಮೇಲಷ್ಟೇ ನಿರುಪದ್ರವಿಯಾಗುತ್ತವೆ. ಮೊದಲ ಸಲ ತಿನ್ನುವವರು ನಾಲ್ಕು ತುಂಡಿಗೆ ನಿಲ್ಲಿಸಿ ಮಾರನೆಯ ದಿನ ನೋಡಿಕೊಳ್ಳಲಿ, ಒಳ್ಳೆಯ ಅಣಬೆಗೂ ಅಲರ್ಜಿ ಇರುವವರಿದ್ದಾರೆ.

ಎಲ್ಲ ಎಚ್ಚರ ವಹಿಸಿಯೂ ಎಡವಟ್ಟಾದರೆ ಗಡಿಯಾರ ನೋಡಬೇಕು. ತಿಂದ ಒಂದೆರಡು ಗಂಟೆಯಲ್ಲಿ ವಾಂತಿಯಾದರೆ ಹೆಚ್ಚಾಗಿ ಹೊಟ್ಟೆಗೆ ಸೀಮಿತವಾದ ವಿಷ. ಆರು ಗಂಟೆ ಕಳೆದ ಮೇಲೆ ಶುರುವಾದರೆ ಅಮಾಟಾಕ್ಸಿನ್ ಎಂದೇ ಅನುಮಾನಿಸಬೇಕು. ಹಾಗಂತ ಬೇಗ ವಾಂತಿಯಾಯಿತು, ಗಂಡಾಂತರ ಕಳೆಯಿತು ಎಂದು ಕೂರುವಂತಿಲ್ಲ. ತಿಂದದ್ದರಲ್ಲಿ ಎರಡು ಜಾತಿ ಬೆರೆತಿರಬಹುದು. ಅಮಾಟಾಕ್ಸಿನ್ ವಿಷದಲ್ಲಿ ಒಂದು ದಿನದ ವಾಂತಿ, ಭೇದಿಯ ನಂತರ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾರೆ. ಆ ಹೊತ್ತಿನಲ್ಲೇ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಮೂರು ನಾಲ್ಕನೆಯ ದಿನಕ್ಕೆ ಕಾಮಾಲೆ ಕಾಣಿಸಿಕೊಳ್ಳುವಷ್ಟರಲ್ಲಿ ಕೆಲವರಿಗೆ ಯಕೃತ್ತು ಕಸಿಯೊಂದೇ ದಾರಿಯಾಗಿರುತ್ತದೆ. ಕುಮಟಾದಿಂದ ದೊಡ್ಡ ಆಸ್ಪತ್ರೆಯಿರುವ ಮಣಿಪಾಲಕ್ಕೆ ಸುಮಾರು 150 ಕಿ.ಮೀ. ಇದೆ. ಉತ್ತರ ಕನ್ನಡದವರು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗು ಹಾಕುತ್ತಿರುವ ಕಾರಣ ಇಂಥ ಗಳಿಗೆಯಲ್ಲಿ ಅರ್ಥವಾಗುತ್ತದೆ. ಆದ್ದರಿಂದ ಕಾಯದೆ ತಾಲೂಕು ಆಸ್ಪತ್ರೆಗೆ ಓಡಬೇಕು, 108ಕ್ಕೆ ಕರೆ ಮಾಡಬೇಕು. ಉಳಿದ ಹಸಿ ಅಣಬೆಯನ್ನೂ ಬೆಂದ ಪಲ್ಯವನ್ನೂ ಬೇರೆ ಬೇರೆ ಕಟ್ಟಿ ಒಯ್ಯಬೇಕು. ಹಸಿಯದನ್ನು ಕಾಗದದಲ್ಲಿ ಸುತ್ತಬೇಕು, ಪ್ಲಾಸ್ಟಿಕ್ಕಿನಲ್ಲಿ ಬೇಗ ಕೊಳೆಯುತ್ತದೆ. ಜೊತೆಯಲ್ಲಿ ಉಂಡವರೆಲ್ಲರೂ, ಏನೂ ಆಗದವರೂ ಹೋಗಬೇಕು. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಈ ಕರಾವಳಿಯಲ್ಲಿ ಹುಲ್ಲಿದೆ, ತೇವವಿದೆ, ಅಣಬೆ ತಿನ್ನುವ ನಾಲಗೆಯಿದೆ. ಬೇಸಾಯ ಹೆಚ್ಚಿದಷ್ಟೂ ಒಳ್ಳೆಯದೇ. ಅದರ ಜೊತೆಗೆ ಪ್ರತಿ ಪ್ಯಾಕೆಟ್ಟಿಗೂ ಒಂದು ಚೀಟಿ ಅಂಟಿಸುವ ರೂಢಿಯೂ ಬೆಳೆಯಬೇಕು: ಯಾವ ಜಾತಿ, ಬೀಜ ಎಲ್ಲಿಂದ ತಂದದ್ದು, ಚೀಲ ಕಟ್ಟಿದ್ದು ಯಾವಾಗ, ಕೊಯ್ದದ್ದು ಯಾವಾಗ. ನಾಲ್ಕು ಸಾಲು ಸಾಕು. ಬೆಳೆದವರಿಗೆ ಅದನ್ನು ಬರೆಯಲಾಗದಿದ್ದರೆ ಅವರಿಗೇ ತಮ್ಮ ಅಣಬೆ ಗೊತ್ತಿಲ್ಲ ಎಂದಾಯಿತು. ಅಂಥದ್ದನ್ನು ನಾವು ಕೊಳ್ಳುವುದು ಬೇಡ.